ಅಕ್ಕಯ್ಯಮ್ಮನ ಫಾರ್ವರ್ಡ್

ಅಟ್ಟೂರಿನಲ್ಲಿ ಇನ್ನೂ ಕೋಳಿ ಕಳುವಾಗುತ್ತಿದ್ದ ಕಾಲದಲ್ಲಿ ಯಾರೂ ಪೊಲೀಸರ ಹತ್ತಿರ ಹೋಗುತ್ತಿರಲಿಲ್ಲ. ಅಕ್ಕಯ್ಯಮ್ಮನ ಹತ್ತಿರ ಬರುತ್ತಿದ್ದರು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೀದಿಯ ನಡುವೆ ನಿಂತು, ಒಂದು ಹಿಡಿ ಮಣ್ಣು ತೂರಿ ಶುರುಮಾಡುತ್ತಿದ್ದಳು.

“ನಮ್ ಬೀದಿ ಕೋಳಿ ಇಡ್ಕೊಂಡೋದೋರು ಯಾರೇ ಆಗ್ಲಿ, ತಿಂದ್ರೆ ಅವ್ರ ಒಟ್ಟೇಲಿ ಅದು ಕೂಗ!”

ಆ ಗಂಟಲು ಅರಳಿಕಟ್ಟೆಯಿಂದ ಕೆರೆ ಏರಿಯವರೆಗೂ ಕೇಳುತ್ತಿತ್ತು. ಬೆಳಗಾಗುವಷ್ಟರಲ್ಲಿ ಕೋಳಿ ವಾಪಸ್ಸು ಬಂದಿರುತ್ತಿತ್ತು. ಕದ್ದವರು ಅವಸರಕ್ಕೆ ತಿಂದುಬಿಟ್ಟಿದ್ದರೆ ಬದಲಿಗೆ ಬೇರೊಂದು ಕೋಳಿಯಾದರೂ ಬುಟ್ಟಿಯ ಕೆಳಗೆ ಬಂದು ಕೂತಿರುತ್ತಿತ್ತು.

ಈಗ ಕೋಳಿಗಳೂ ಇಲ್ಲ, ಅವನ್ನು ಮೇಯಲು ಬಿಡುತ್ತಿದ್ದ ರಾಗಿ ಹೊಲಗಳೂ ಇಲ್ಲ. ಹೊಲವಿದ್ದ ಕಡೆಯೆಲ್ಲ ಲೇಔಟ್ ಬಂದು, ಸೈಟುಗಳಾಗಿ, ಮೂರು ಮೂರು ಅಂತಸ್ತಿನ ಮನೆಗಳೆದ್ದಿವೆ. ಅಕ್ಕಯ್ಯಮ್ಮನೂ ತನ್ನ ಪಾಲಿಗೆ ಬಂದ ಜಾಗದಲ್ಲಿ ಮನೆ ಕಟ್ಟಿಸಿ, ಪಕ್ಕದಲ್ಲೇ ಸಾಲಾಗಿ ಮೂರು ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದಾಳೆ. ವಯಸ್ಸು ಎಪ್ಪತ್ತರ ಹತ್ತಿರ, ಮಂಡಿ ನೋವು, ಸಕ್ಕರೆ ಕಾಯಿಲೆ. ಗಂಟಲು ಮಾತ್ರ ಹಾಗೆಯೇ ಇದೆ.

ಮೊದಲನೇ ಬಾಡಿಗೆ ಮನೆಯಲ್ಲಿರುವುದು ರೋಣದ ಕಡೆಯಿಂದ ಬಂದ ಪಂಚಪ್ಪನ ಸಂಸಾರ. ಪಂಚಪ್ಪ ಯಶವಂತಪುರದ ಆಚೆ ಒಂದು ಕಾರ್ಖಾನೆಯಲ್ಲಿ ಲೇತ್ ಮಿಷನ್ ನಡೆಸುತ್ತಾನೆ. ಹೆಂಡತಿ ಸಂಗವ್ವ ಬೆಳಗಿನ ಹೊತ್ತು ರೊಟ್ಟಿ ಬಡಿಯಲು ಕೂತರೆ ಆ ಸದ್ದಿಗೇ ಅಕ್ಕಯ್ಯಮ್ಮನಿಗೆ ಎಚ್ಚರವಾಗುತ್ತದೆ. ಒಬ್ಬಳೇ ಮಗಳು ಸ್ನೇಹಾ, ನ್ಯೂ ಟೌನಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ತಿಂಗಳಿಗೊಂದು ಭಾನುವಾರ ಅವಳೇ ಅಕ್ಕಯ್ಯಮ್ಮನ ರಕ್ತ ತೆಗೆದು ಶುಗರ್ ನೋಡಿಸಿಕೊಂಡು ಬರುತ್ತಾಳೆ. “ನಮ್ ಸ್ನೇಹಾ ಚುಚ್ಚಿದ್ರೆ ಚುಚ್ಚಿದ್ದೇ ಗೊತ್ತಾಗಲ್ಲ” ಎಂದು ಅಕ್ಕಯ್ಯಮ್ಮ ಕಂಡ ಕಂಡವರ ಮುಂದೆ ಹೇಳಿಕೊಳ್ಳುತ್ತಾಳೆ.

ಮಗ ಬಾಲರಾಜ್ ಹೊಸ ಫೋನ್ ಕೊಂಡು ಹಳೆಯದನ್ನು ಅಮ್ಮನಿಗೆ ಕೊಟ್ಟಾಗ, ಅದರಲ್ಲಿ ವಾಟ್ಸಾಪ್ ಕಲಿಸಿದವಳೂ ಸ್ನೇಹಾಳೇ.

“ಇದು ಫಾರ್ವರ್ಡ್ ಅಜ್ಜಿ. ಇಲ್ಲಿ ಒತ್ತಿದ್ರೆ ಆ ಕಡೆಯವ್ರಿಗೆ ಹೋಗುತ್ತೆ.”

“ಓಗಿದ್ದು ವಾಪಸ್ ಬರೋದ್ ಎಂಗೆ?”

“ವಾಪಸ್ ಬರಲ್ಲ ಅಜ್ಜಿ” ಎಂದು ಸ್ನೇಹಾ ನಕ್ಕಿದ್ದಳು. ಅಕ್ಕಯ್ಯಮ್ಮನೂ ನಕ್ಕಿದ್ದಳು. ಅಂದಿನಿಂದ ದಿನಾ ಬೆಳಿಗ್ಗೆ ಹೂವಿನ ಚಿತ್ರದ ಜೊತೆ ಶುಭೋದಯ ಕಳಿಸುವುದೇನು, ಮಂಡಿ ನೋವಿನ ಕಷಾಯ ಕಳಿಸುವುದೇನು! ಊರಿನ ದೇವಸ್ಥಾನದ ಗುಂಪು, ಮಹಿಳಾ ಸಂಘದ ಗುಂಪು, ಲೇಔಟಿನವರ ಗುಂಪು, ನೆಂಟರ ಗುಂಪು, ಎಲ್ಲದರಲ್ಲೂ ಅಕ್ಕಯ್ಯಮ್ಮ.

ಇದು ನಡೆದದ್ದು ಎರಡು ಸಾವಿರದ ಹತ್ತೊಂಬತ್ತರಲ್ಲಿ, ಶ್ರಾವಣ ಮುಗಿದ ಮೇಲೆ. ಒಂದು ಸಂಜೆ ಅಕ್ಕಯ್ಯಮ್ಮ ಬಾಗಿಲಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಸ್ನೇಹಾ ಕೆಲಸದಿಂದ ಬಂದವಳು ತನ್ನ ಮನೆಗೆ ಹೋಗದೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕೂತಳು.

“ಯಾಕ್ ಮಗಾ, ಮುಖ ಇಂಗ್ ಬಾಡೋಗದೆ?”

ಸ್ನೇಹಾ ಫೋನ್ ಮುಂದೆ ಹಿಡಿದಳು. ಅದರಲ್ಲಿ ಅವಳದೇ ಫೋಟೋ ಇತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆಂದು ಅಕ್ಕಯ್ಯಮ್ಮನೇ ಪೆಟ್ಟಿಗೆಯಿಂದ ತೆಗೆದು ಉಡಿಸಿದ ಹಸಿರು ಸೀರೆ.

“ನನ್ ಸೀರೆ! ಎಷ್ಟ್ ಚೆನ್ನಾಗ್ ಬಂದದೆ ಪಟ.”

“ಫೋಟೋ ನಂದೇ ಅಜ್ಜಿ, ಆದ್ರೆ ಈ ಪೇಜು ನಂದಲ್ಲ. ಯಾರೋ ನಾನ್ ಹಾಕಿದ್ ಫೋಟೋ ಕದ್ದು, ನನ್ ಹೆಸ್ರಲ್ಲೇ ಫೇಸ್‌ಬುಕ್ಕಲ್ಲಿ ಸುಳ್ಳು ಖಾತೆ ಮಾಡಿದಾರೆ. ಅದ್ರಿಂದ ನಮ್ ಲ್ಯಾಬ್ ಹುಡ್ಗೀರ್ಗೆಲ್ಲ ಮೆಸೇಜ್ ಹೋಗ್ತಿದೆ. ಫೋಟೋ ಕೆಳಗೆ ಬರೆದಿದ್ದು ನೋಡಿ.”

ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು. ಅಕ್ಕಯ್ಯಮ್ಮನಿಗೆ ಓದಲಾಗಲಿಲ್ಲ.

“ಏನಂತ ಬರ್ದವ್ನೆ, ಏಳು.”

“ಬೇಡ ಅಜ್ಜಿ. ನನ್ ಬಾಯಲ್ಲಿ ಬರಲ್ಲ.” ಸ್ನೇಹಾಳ ಕಣ್ಣು ತುಂಬಿತು. “ಅಮ್ಮಂಗೆ ಮಾತ್ರ ಹೇಳ್ಬೇಡಿ. ಅಪ್ಪಂಗೆ ಗೊತ್ತಾದ್ರೆ ಊರಿಗೆ ಕರ್ಕೊಂಡ್ ಹೋಗ್ಬಿಡ್ತಾರೆ.”

“ನಾನ್ಯಾಕ್ ಸಂಗವ್ವಂಗ್ ಏಳ್ಲಿ? ಅಳ್‌ಬ್ಯಾಡ. ಅದ್ನ ನನ್ ಫೋನ್‌ಗೂ ಕಳ್ಸು.”

“ಯಾಕಜ್ಜಿ?”

“ಇರ್ಲಿ, ಕಳ್ಸು.”

ಅಜ್ಜಿಯೇ ಕೇಳುತ್ತಿದ್ದಾಳೆ ಎಂದು ಸ್ನೇಹಾ ಕಳಿಸಿದಳು.

ಅಕ್ಕಯ್ಯಮ್ಮ ಅಂದು ಸೊಪ್ಪಿನ ಸಾರನ್ನು ಅರ್ಧಕ್ಕೇ ಬಿಟ್ಟಳು. ತನ್ನ ಸೀರೆ ಉಟ್ಟ ಮಗುವಿನ ಮೇಲೆ ಯಾವನೋ ಕೆಸರು ಎರಚಿದ್ದಾನೆ ಎಂದು ಮೈಯೆಲ್ಲ ಉರಿಯಿತು. ಹಿಂದಿನ ಕಾಲವಾಗಿದ್ದರೆ ಇಷ್ಟು ಹೊತ್ತಿಗೆ ಬೀದಿಯಲ್ಲಿ ನಿಂತು ಮಣ್ಣು ತೂರಿರುತ್ತಿದ್ದಳು. ಎದ್ದು ಗೇಟಿನವರೆಗೆ ಹೋಗಿಯೂ ನೋಡಿದಳು. ಬೀದಿಗೆ ಬೀದಿಯೇ ಗೇಟು ಹಾಕಿಕೊಂಡು ಟಿವಿ ನೋಡುತ್ತಿತ್ತು. ಇಲ್ಲಿ ಕೂಗಿದರೆ ಕೇಳುವವರಾರು? ಜನರೆಲ್ಲ ಈಗ ಫೋನಿನೊಳಗೆ ಇದ್ದಾರೆ, ಕೂಗುವುದಾದರೆ ಅಲ್ಲೇ ಕೂಗಬೇಕು ಎಂದುಕೊಂಡು ಒಳಗೆ ಬಂದಳು. ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿದಳು.

“ನಾನು ಅಕ್ಕಯ್ಯಮ್ಮ. ಈ ಪಟದಾಗಿರೋ ಉಡ್ಗಿ ನಮ್ ಬಾಡ್ಗೆ ಮನೆ ಸ್ನೇಹಾ. ಬಂಗಾರದಂಥ ಉಡ್ಗಿ. ನ್ಯೂ ಟೌನ್‌ನಾಗೆ ಬ್ಲಡ್ ಟೆಸ್ಟ್ ಲ್ಯಾಬ್‌ನಾಗೆ ಕೆಲ್ಸ ಮಾಡ್ತಾಳೆ. ಯಾವನೋ ಮನೆಹಾಳ ಇಂಗ್ ಕೆಟ್ಟದಾಗ್ ಬರ್ದವ್ನೆ. ಯಾರೂ ನಂಬ್‌ಬ್ಯಾಡಿ. ಅನುಮಾನ ಇದ್ರೆ ಅವಳ್ನೇ ಕೇಳಿ, ಫೋನ್ ನಂಬ್ರೂ ಕಳ್ಸಿವ್ನಿ. ಎಲ್ಲಾರ್ಗೂ ಫಾರ್ವಾಡ್ ಮಾಡಿ. ಆ ಬರ್ದೋನ್ಗೂ ತಲುಪ್ಲಿ!”

ಫೋಟೋ ಕಳಿಸಿದಳು, ಮಾತು ಕಳಿಸಿದಳು, ನಂಬರೂ ಕಳಿಸಿದಳು. ಒಂದು ಸಲಕ್ಕೆ ಐದು ಕಡೆಗಷ್ಟೇ ಹೋಗುತ್ತದೆ ಎಂದು ಫೋನು ಹಟ ಹಿಡಿಯಿತು. “ನಿನ್ ಐದು ನೀನೇ ಇಟ್ಕೊ” ಎಂದು ಅಕ್ಕಯ್ಯಮ್ಮ ಮತ್ತೆ ಮತ್ತೆ ಒತ್ತಿದಳು. ಸಂಗವ್ವನೊಬ್ಬಳಿಗೆ ಕಳಿಸಲಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ. ಆಮೇಲೆ ಸಮಾಧಾನವಾಗಿ ಮಲಗಿದಳು.

ಮರುದಿನ ಮಧ್ಯಾಹ್ನವೇ ಸ್ನೇಹಾ ಲ್ಯಾಬಿನಿಂದ ವಾಪಸ್ಸು ಬಂದಳು. ಬೆಳಗಿನಿಂದ ಅವಳ ಫೋನು ಬಾಯಿ ಮುಚ್ಚಿರಲಿಲ್ಲ. ಗುರುತಿಲ್ಲದ ನಂಬರುಗಳು, ಗುರುತಿಲ್ಲದ ಗಂಡಸರು. ಒಬ್ಬ ನಗುತ್ತಾನೆ, ಒಬ್ಬ ಕೇಳಬಾರದ್ದನ್ನು ಕೇಳುತ್ತಾನೆ, ಒಬ್ಬ ಮಾತೇ ಆಡದೆ ಉಸಿರು ಬಿಡುತ್ತಾನೆ. ರಕ್ತ ತೆಗೆಯುವಾಗ ಅವಳ ಕೈ ನಡುಗಿದ್ದನ್ನು ನೋಡಿ ಲ್ಯಾಬಿನವರೇ ಮನೆಗೆ ಹೋಗಮ್ಮ ಎಂದಿದ್ದರು.

ಅವಳ ಹಿಂದೆಯೇ ಪಂಚಪ್ಪನೂ ಬಂದ. ಕಾರ್ಖಾನೆಯಲ್ಲಿ ಯಾರೋ ಊಟದ ಹೊತ್ತಿಗೆ ಅವನ ಮುಂದೆ ಫೋನು ಹಿಡಿದು, “ಇದು ನಿನ್ನ ಮಗಳಲ್ವಾ?” ಎಂದು ಕೇಳಿದ್ದರಂತೆ. ಬುತ್ತಿ ಬಿಚ್ಚದೆಯೇ ಎದ್ದು ಬಂದಿದ್ದ. ಅವನು ಕೂಗಾಡಲಿಲ್ಲ. ಅದನ್ನು ಕಂಡೇ ಅಕ್ಕಯ್ಯಮ್ಮನಿಗೆ ಹೆಚ್ಚು ಭಯವಾಯಿತು.

“ಮನಿ ಖಾಲಿ ಮಾಡ್ತೀವ್ರಿ ಅಮ್ಮಾರ. ಈಕಿನ್ನ ಊರಿಗೆ ಕರಕೊಂಡ ಹೋಗ್ತೀನಿ.”

“ಅಪ್ಪಾ, ನನ್ನ ಕೆಲಸ...” ಎಂದಳು ಸ್ನೇಹಾ.

“ಕೆಲಸ ಬ್ಯಾಡ ಏನ್ ಬ್ಯಾಡ. ಆ ಫೋನ್ ಕೊಡ ಇಲ್ಲೆ. ಮೊದಲ ಎಲ್ಲಾ ಅಳಸಿ ಒಗಿ. ಈ ಸಿಮ್ ಮುರದ ಬಿಡ್ತೀನಿ.”

ಸ್ನೇಹಾ ಅಳಲಿಲ್ಲ. ಫೋನ್ ಕೊಟ್ಟುಬಿಟ್ಟಳು. ಆರು ವರ್ಷದಿಂದ ಕಣ್ಣ ಮುಂದೆಯೇ ಬೆಳೆದ ಹುಡುಗಿ ಹೀಗೆ ಕೈಚೆಲ್ಲಿ ಕೂತದ್ದನ್ನು ಅಕ್ಕಯ್ಯಮ್ಮನಿಂದ ನೋಡಲಾಗಲಿಲ್ಲ. ಅವಳಿಗೆ ತಟ್ಟನೆ ನೂರ್‌ಜಹಾನ್ ನೆನಪಾದಳು. ನೂರ್‌ಜಹಾನ್ ಹಿಂದೆ ಇದೇ ಸಾಲಿನ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದವಳು. ಈಗ ಆರ್.ಟಿ. ನಗರದಲ್ಲಿದ್ದಾಳೆ, ಕಷ್ಟದಲ್ಲಿರುವ ಹೆಂಗಸರಿಗೆ ಸಲಹೆ ಕೊಡುವ ಒಂದು ಸಹಾಯ ಕೇಂದ್ರದಲ್ಲಿ ಕೆಲಸ. ಅಕ್ಕಯ್ಯಮ್ಮ ಅವಳ ಹೆಸರನ್ನು ಅರ್ಧಕ್ಕೇ ನಿಲ್ಲಿಸಿ ‘ನೂರು’ ಎನ್ನುತ್ತಾಳೆ.

“ನೂರು, ನಮ್ ಸ್ನೇಹಾಗ್ ಇಂಗಾಗದೆ. ಅವ್ರಪ್ಪ ಸಿಮ್ ಮುರಿಯಕ್ ನಿಂತವ್ರೆ!”

“ಸ್ಪೀಕರ್‌ಗೆ ಹಾಕಿ ಅಮ್ಮ” ಎಂದಳು ನೂರ್‌ಜಹಾನ್. “ಅಣ್ಣ, ಏನೂ ಅಳಿಸ್ಬೇಡಿ. ಸಿಮ್ ಮುರೀಬೇಡಿ. ನಮ್ ಸಾಕ್ಷಿ ಇರೋದೇ ಅದ್ರಲ್ಲಿ. ನಾನು ಬರೋವರ್ಗೂ ಆ ಫೋನ್ ಹಾಗೇ ಇರ್ಲಿ.”

ಅವಳು ಸ್ಕೂಟರಿನಲ್ಲಿ ಹೆಬ್ಬಾಳದ ಟ್ರಾಫಿಕ್ ದಾಟಿ ಬರುವವರೆಗೆ ಫೋನು ಸಂಗವ್ವನ ರೊಟ್ಟಿ ಬುಟ್ಟಿಯ ಮೇಲಿತ್ತು. ನಡುನಡುವೆ ಅದು ಬಡಿದುಕೊಂಡಾಗೆಲ್ಲ ನಾಲ್ವರೂ ಬೆಚ್ಚುತ್ತಿದ್ದರು.

ಸಂಗವ್ವ ಮಗಳ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು. “ನನಗ ಯಾಕ ಹೇಳಲಿಲ್ಲ ಯವ್ವಾ?”

“ನೀ ಬೈತಿ ಅಂತ.”

“ಬೈತಿದ್ನಿ ಖರೆ. ಬೈದು, ಆಮ್ಯಾಲ ನಿನ್ನ ಜೋಡಿ ನಿಂದರ್ತಿದ್ನಿ. ನಾ ಅಲ್ದ ಮತ್ಯಾರ ನಿಂದರ್ತಾರ?”

ಆಗ ಸ್ನೇಹಾಗೆ ಅಳು ಬಂತು.

ನೂರ್‌ಜಹಾನ್ ಬಂದವಳು ಮೊದಲು ಸ್ನೇಹಾಳ ಕೈ ಹಿಡಿದು, “ಇದ್ರಲ್ಲಿ ನಿನ್ ತಪ್ಪು ಏನೂ ಇಲ್ಲ. ಊಟ ಮಾಡಿದ್ಯಾ?” ಎಂದಳು. ಇಲ್ಲವೆಂದಾಗ ಸಂಗವ್ವ ಎದ್ದು ರೊಟ್ಟಿ, ಪಲ್ಯ ತಂದಳು. ಸ್ನೇಹಾ ಎರಡು ತುತ್ತು ತಿಂದ ಮೇಲೆಯೇ ನೂರ್‌ಜಹಾನ್ ಫೋನ್ ಕೈಗೆತ್ತಿಕೊಂಡಳು.

“ಮೊದ್ಲು ಆ ಪೇಜಿನ ಫೋಟೋ ತೆಕ್ಕೋ. ಸ್ಕ್ರೀನ್‌ಶಾಟ್. ಹೆಸ್ರು, ತಾರೀಖು, ಬರೆದಿರೋದು ಎಲ್ಲ ಕಾಣೋ ಹಾಗೆ. ಪೇಜಿನ ಲಿಂಕ್ ಕಾಪಿ ಮಾಡಿ ಇಟ್ಕೋ. ಬಂದಿರೋ ಮೆಸೇಜು, ಫೋನ್ ಮಾಡಿರೋ ನಂಬರ್‌ಗಳು, ಅದೂ ಬೇಕು. ಅವ್ರಿಗೆ ಉತ್ತರ ಕೊಡೋಕ್ಕೆ ಹೋಗ್ಬೇಡ, ಬಯ್ಯೋಕ್ಕೂ ಹೋಗ್ಬೇಡ. ಎಲ್ಲ ಎತ್ತಿಟ್ಟ ಮೇಲೆ ಬ್ಲಾಕ್ ಮಾಡೋಣ. ಸುಳ್ಳು ಖಾತೆ ಅಂತ ಫೇಸ್‌ಬುಕ್‌ಗೆ ರಿಪೋರ್ಟ್ ಮಾಡೋಣ, ನಿನ್ ಸ್ನೇಹಿತೆಯರೂ ಮಾಡ್ಲಿ. ಆಮೇಲೆ ಪೊಲೀಸ್ ಕಂಪ್ಲೇಂಟ್.”

ಪಂಚಪ್ಪ ತಲೆ ಅಲ್ಲಾಡಿಸಿದ. “ಪೊಲೀಸ್ ಸ್ಟೇಷನ್ ಬ್ಯಾಡ್ರಿ ಬಾಯಾರ. ಹೆಣ್ಣ ಹುಡುಗಿ. ಮರ್ಯಾದಿ ಹೊಕ್ಕೇತಿ. ಊರಿಗೆ ಹೋದ್ರ ಮುಗೀತು.”

“ಅಣ್ಣ, ನೀವು ಲೇತ್ ಮಿಷನ್ ನಡೆಸೋರು. ಪಕ್ಕದವ್ರ ಕೈ ಮಿಷನ್‌ಗೆ ಸಿಕ್ರೆ ಏನ್ಮಾಡ್ತೀರಿ?”

“ಮೊದಲ ಮಿಷನ್ ಬಂದ್ ಮಾಡ್ತೀವ್ರಿ.”

“ಪೆಟ್ಟು ಬಿದ್ದೋನ್ನ ಊರಿಗ್ ಕಳಿಸಿ, ಮಿಷನ್ ಹಾಗೇ ತಿರುಗ್ಲಿ ಅಂತ ಬಿಡ್ತೀರಾ?”

ಪಂಚಪ್ಪನ ಎಡಗೈಯ ತೋರುಬೆರಳಿನ ತುದಿ ಯಾವಾಗಲೋ ಮಿಷನ್ನಿಗೆ ಹೋಗಿತ್ತು. ಅದನ್ನೇ ಬಲಗೈಯಿಂದ ಸವರಿಕೊಳ್ಳುತ್ತ ಕೂತ.

“ಊರಿಗೂ ಫೋನ್ ಬರುತ್ತೆ ಅಣ್ಣ. ಇವ್ಳು ಇಲ್ಲಿಂದ ಹೋದ್ರೆ ಪೇಜು ಹೋಗಲ್ಲ, ಇವಳ ಕೆಲಸ ಹೋಗುತ್ತೆ ಅಷ್ಟೆ.”

“ಮಾಡಿದಾಂವ ಸಿಗ್ತಾನೇನ್ರಿ?”

“ಸಿಗಬಹುದು. ತಡ ಆಗಬಹುದು. ಖಂಡಿತ ಸಿಗ್ತಾನೆ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ಕಂಪ್ಲೇಂಟ್ ಕೊಡದೇ ಇದ್ರೆ ಖಂಡಿತ ಸಿಗಲ್ಲ.”

ಇಷ್ಟು ಹೊತ್ತೂ ಪೇಜನ್ನೇ ನೋಡುತ್ತಿದ್ದ ನೂರ್‌ಜಹಾನಳ ಹುಬ್ಬು ಗಂಟಾಯಿತು. “ಸ್ನೇಹಾ, ಈ ಪೇಜಲ್ಲಿ ನಿನ್ ನಂಬರ್ ಎಲ್ಲೂ ಇಲ್ಲ. ಲ್ಯಾಬ್ ವಿಷಯನೂ ಇಲ್ಲ. ಮತ್ತೆ ಇಷ್ಟು ಜನಕ್ಕೆ ನಂಬರ್ ಎಲ್ಲಿಂದ ಸಿಕ್ತು?”

“ಗೊತ್ತಿಲ್ಲ ಅಕ್ಕ. ನಿನ್ನೆವರ್ಗೂ ಒಂದು ಫೋನೂ ಬಂದಿರ್ಲಿಲ್ಲ. ಇವತ್ತು ಬೆಳಿಗ್ಗೆಯಿಂದ ಹೀಗೆ. ಎಲ್ರೂ ಒಂದೇ ಮಾತು ಹೇಳ್ಕೊಂಡ್ ನಗ್ತಾರೆ.”

“ಏನಂತ?”

“ಬಂಗಾರದಂಥ ಉಡ್ಗಿ ನೀನೇನಾ, ಅಂತ. ಹುಡುಗಿ ಅನ್ನಲ್ಲ ಅಕ್ಕ. ಉಡ್ಗಿ ಅಂತಾರೆ.”

ಅಕ್ಕಯ್ಯಮ್ಮ ಕೂತಲ್ಲೇ ತಣ್ಣಗಾದಳು. ಅದು ಅವಳ ಮಾತು. ಅವಳದೇ ನಾಲಿಗೆಯ ಮಾತು. ಪ್ರೀತಿಯಿಂದ ಆಡಿ ಕಳಿಸಿದ್ದು, ಯಾರು ಯಾರದೋ ಹೊಲಸು ಬಾಯಿ ಹೊಕ್ಕು ಆ ಮಗುವಿನ ಕಿವಿಗೆ ಬಂದು ಬಿದ್ದಿತ್ತು.

ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲವೋ ಏನೋ. ಆದರೆ ಕೋಳಿ ಕದ್ದವರಿಗೆ ಬೀದಿಯಲ್ಲಿ ಶಾಪ ಹಾಕಿದವಳು ತಾನೇ ಬಚ್ಚಿಟ್ಟುಕೊಳ್ಳುವುದು ಹೇಗೆ?

“ನಾನೇ ಕಣವ್ವ” ಎಂದಳು. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ಅಲ್ಲಿದ್ದವರು ಯಾರೂ ಹಿಂದೆ ಕೇಳಿರಲಿಲ್ಲ. “ಯಾರೂ ನಂಬ್‌ಬ್ಯಾಡಿ ಅಂತ ಏಳಕ್ಕೆ ಕಳ್ಸಿದ್ದೆ. ಅನುಮಾನ ಇದ್ದೋರು ನಿನ್ನೇ ಕೇಳ್ಲಿ ಅಂತ ನಂಬ್ರೂ ಆಕಿದ್ದೆ.”

ಸ್ನೇಹಾ ಅವಳನ್ನೇ ನೋಡಿದಳು. “ನಿಮ್ಮನ್ನ ನಂಬಿ ಕಳಿಸಿದ್ದೆ ಅಜ್ಜಿ” ಎಂದು ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಕ್ಕಯ್ಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಅವ್ನ್ ಯಾವನೋ ಒಬ್ಬ ಮಾಡ್ದ. ನಾನು ಊರಿಗೆಲ್ಲಾ ಅಂಚಿದೆ. ಈಗ್ ವಾಪಸ್ ತಗೋಳದ್ ಎಂಗೆ ನೂರು?”

ನೂರ್‌ಜಹಾನ್ ಅವಳ ಫೋನ್ ನೋಡಿದಳು. ಕಳಿಸಿದ್ದನ್ನು ಎಲ್ಲರ ಫೋನಿನಿಂದಲೂ ಅಳಿಸುವ ಅವಕಾಶ ಸ್ವಲ್ಪ ಹೊತ್ತಷ್ಟೇ ಇರುತ್ತದೆ. ಅದು ನಿನ್ನೆಯೇ ಮುಗಿದಿತ್ತು. “ಇನ್ನು ಅವರವರ ಫೋನಲ್ಲಿ ಅವರವ್ರೇ ಅಳಿಸ್ಬೇಕು ಅಮ್ಮ. ನೀವು ಒಳ್ಳೇ ಮನಸ್ಸಲ್ಲೇ ಕಳಿಸಿದ್ರಿ, ನಂಗೊತ್ತು. ಆದ್ರೆ ಫೋಟೋಗೆ ನಿಮ್ ಮನಸ್ಸು ಅಂಟ್ಕೊಂಡ್ ಹೋಗಲ್ಲ. ನೋಡೋರು ಫೋಟೋ ನೋಡ್ತಾರೆ, ನಂಬರ್ ನೋಡ್ತಾರೆ.”

ಗುಂಪುಗಳಲ್ಲಿ ಮತ್ತೊಂದು ಮಾತು ಕಳಿಸಿದರಾಯಿತು ಎಂದ, ಸಂಜೆ ಮನೆಗೆ ಬಂದ ಮಗ ಬಾಲರಾಜ್. ಅಕ್ಕಯ್ಯಮ್ಮ ಕಳಿಸಿದಳು. ಆದರೆ ಅಷ್ಟಕ್ಕೆ ಅವಳಿಗೆ ನೆಮ್ಮದಿಯಾಗಲಿಲ್ಲ. ಮರುದಿನ ಮಂಡಿಗೆ ಎಣ್ಣೆ ಸವರಿಕೊಂಡು, ಕೋಲು ಹಿಡಿದು ಹೊರಟಳು. ಒಂದೊಂದೇ ಮನೆಯ ಗೇಟು ತಟ್ಟಿದಳು.

“ನನ್ನಿಂದ ತಪ್ಪಾಗದೆ. ಮೊನ್ನೆ ಕಳ್ಸಿದ್ ಪಟ, ನಂಬ್ರು ಎರಡ್ನೂ ಅಳ್ಸಾಕಿ. ನೀವು ಯಾರಿಗ್ ಕಳ್ಸಿದ್ರೋ ಅವ್ರಿಗೂ ಏಳಿ.”

ಕೆಲವರು ಕೂಡಲೇ ಅಳಿಸಿದರು. ಕೆಲವರು ಒಳಗೆ ಕರೆದು ಕಾಫಿ ಕೊಟ್ಟು, “ಆ ಹುಡುಗಿ ಮೊದ್ಲೇ ಹಾಗಂತಲ್ಲ?” ಎಂದು ಪಿಸುಗುಟ್ಟಿದರು. ಅಂಥವರ ಕಾಫಿಯನ್ನು ಅಕ್ಕಯ್ಯಮ್ಮ ಮುಟ್ಟಲಿಲ್ಲ. ಲೇಔಟಿನ ಗುಂಪು ನಡೆಸುವ ಮುನಿವೆಂಕಟಯ್ಯ ಮಾತ್ರ ಒಪ್ಪಲಿಲ್ಲ. ಸರ್ಕಾರಿ ಕೆಲಸದಿಂದ ನಿವೃತ್ತನಾದವನು, ಬಂದದ್ದೆಲ್ಲವನ್ನೂ ಎತ್ತಿಡುವ ಅಭ್ಯಾಸ.

“ಇರ್ಲಿ ಬಿಡಕ್ಕಯ್ಯಮ್ಮ. ನಾನೇನ್ ಕೆಟ್ಟದ್ದಕ್ಕೆ ಇಟ್ಕೊಂಡಿದ್ದೀನಾ? ನಾಲ್ಕು ಜನಕ್ಕೆ ಎಚ್ಚರ ಹೇಳೋಕ್ಕೆ ಬೇಕಾಗುತ್ತೆ.”

“ನಾನೂ ಕೆಟ್ಟದ್ದಕ್ ಕಳ್ಸಿರ್ಲಿಲ್ಲ ಮುನಿವೆಂಕಟಯ್ಯ.”

ಅವನು ಮುಖ ನೋಡಿದ. ಈ ಹೆಂಗಸು ಈಗ ಸೆರಗು ಕಟ್ಟಿ ಕೂಗಲು ಶುರುಮಾಡುತ್ತಾಳೆ ಎಂದು ಅವನು ಕಾಯುತ್ತಿದ್ದ. ಅವಳು ಕೂಗಲಿಲ್ಲ. ಗೇಟಿನ ಕಂಬಿ ಹಿಡಿದು ನಿಂತೇ ಇದ್ದಳು.

“ಆ ಮಗು ನಿನ್ನೆಯಿಂದ ಒರಗ್ ಬಂದಿಲ್ಲ. ನನ್ ಮುಖ ನೋಡಲ್ಲ. ನಿನ್ ಫೋನ್‌ನಾಗೆ ಅವಳ್ ಪಟ ಇರೋಗಂಟ ನಾನ್ ಎಂಗ್ ಅವಳ್ ಮುಂದೆ ಓಗ್ಲಿ? ನೀನು ಅಳ್ಸು, ನಾನು ಓಗ್ತೀನಿ.”

ಮುನಿವೆಂಕಟಯ್ಯ ಕನ್ನಡಕ ಹಾಕಿಕೊಂಡು, ಅವಳ ಮುಂದೆಯೇ ಅಳಿಸಿದ. ಆಮೇಲೆ ಅವನೇ ಗುಂಪಿನಲ್ಲಿ ಎಲ್ಲರಿಗೂ ಅಳಿಸಲು ಬರೆದ.

ಅಕ್ಕಯ್ಯಮ್ಮ ವಾಪಸ್ಸು ಬರುವಾಗ ಪಂಚಪ್ಪ ಬಾಗಿಲಲ್ಲಿ ನಿಂತಿದ್ದ. ಮುದುಕಿ ಕುಂಟುತ್ತ ಮೆಟ್ಟಿಲು ಹತ್ತುವುದನ್ನು ನೋಡಿ ಕೈ ಕೊಟ್ಟ.

“ಇಷ್ಟ ವಯಸ್ಸಾದ ನೀವ ಮನಿ ಮನಿ ತಿರುಗಿ ತಪ್ಪಾಗೇತಿ ಅಂತ ಹೇಳಾಕತ್ತೀರಿ. ತಪ್ಪ ಮಾಡದ ನನ್ನ ಮಗಳು ಯಾಕ ಅಡಗಿ ಕೂಡಬೇಕ್ರಿ? ನಾಳೆ ರಜಾ ಹಾಕ್ತೀನಿ. ಸ್ಟೇಷನ್‌ಗೆ ಹೋಗೂಣು.”

ಮರುದಿನ ತಂದೆ, ತಾಯಿ, ಮಗಳು, ನೂರ್‌ಜಹಾನ್ ನಾಲ್ವರೂ ಠಾಣೆಗೆ ಹೋದರು. ಮಹಿಳಾ ಅಧಿಕಾರಿಯೊಬ್ಬರು ಕೂರಿಸಿ ಕೇಳಿ, ದೂರು ಬರೆಸಿಕೊಂಡು, ಅದರ ಪ್ರತಿಯನ್ನೂ ಕೊಟ್ಟರು. ತೆಗೆದಿಟ್ಟ ಸ್ಕ್ರೀನ್‌ಶಾಟುಗಳು, ಲಿಂಕು, ಫೋನ್ ಮಾಡಿದವರ ನಂಬರುಗಳು ಎಲ್ಲವೂ ಜೊತೆಗಿದ್ದವು. ಎಲ್ಲರೂ ರಿಪೋರ್ಟ್ ಮಾಡಿದ ಮೇಲೆ ಸುಳ್ಳು ಪೇಜು ಕೆಲವೇ ದಿನಗಳಲ್ಲಿ ಇಲ್ಲವಾಯಿತು.

ಆ ಮನುಷ್ಯ ಸಿಕ್ಕಲು ಇನ್ನೂ ಕೆಲವು ವಾರಗಳಾದವು. ಲ್ಯಾಬಿಗೆ ಸಾಮಾನು ತಂದುಕೊಡುತ್ತಿದ್ದವನು. ಸ್ನೇಹಾಳ ನಂಬರ್ ಕೇಳಿದ್ದ, ಅವಳು ಕೊಟ್ಟಿರಲಿಲ್ಲ. ಅದಕ್ಕೇ ಸೇಡು. ಅಕ್ಕಯ್ಯಮ್ಮನ ಫಾರ್ವರ್ಡ್ ಸುತ್ತಿ ಸುತ್ತಿ ಅವನಿಗೂ ತಲುಪಿತ್ತು. ಸ್ನೇಹಾ ಕೊಡದಿದ್ದ ನಂಬರು ಹಾಗೆ ಅವನ ಕೈಗೆ ಬಂದಿತ್ತು. ಖುಷಿಗೆ ತನ್ನದೇ ಫೋನಿನಿಂದ ಕರೆ ಮಾಡಿದ್ದ. ಠಾಣೆಗೆ ಕೊಟ್ಟ ನಂಬರುಗಳಲ್ಲಿ ಲ್ಯಾಬಿನವರಿಗೆ ಗುರುತಿದ್ದದ್ದು ಅವನದೊಂದೇ, ಹಾಗೆ ಸಿಕ್ಕಿಬಿದ್ದ. ಪಂಚಪ್ಪ ಅಂದು ಸಿಮ್ ಮುರಿದಿದ್ದರೆ ಅವನು ಇಂದಿಗೂ ಲ್ಯಾಬಿಗೆ ಸಾಮಾನು ತರುತ್ತಿರುತ್ತಿದ್ದ.

“ನೋಡಮ್ಮ, ನಿನ್ ಫಾರ್ವರ್ಡಿಂದಾನೇ ಕಳ್ಳ ಸಿಕ್ಕಿದ” ಎಂದು ಬಾಲರಾಜ್ ನಗಿಸಲು ನೋಡಿದ.

ಅಕ್ಕಯ್ಯಮ್ಮ ನಗಲಿಲ್ಲ. “ಅವ್ನೊಬ್ಬ ಕಳ್ಳ, ಸರಿ. ಆವತ್ತು ಬೆಳಗಿಂದ ಫೋನ್ ಮಾಡಿದ್ ಮಿಕ್ಕೋರೆಲ್ಲ ಯಾರ್ಲಾ? ನಾನ್ ಕಳ್ಸಿದ್ದು ನಮ್ಮೋರಿಗೇ ಅಲ್ವಾ?”



ಫಾರ್ವರ್ಡ್ ಹೋದ ಆ ತಿಂಗಳ ಭಾನುವಾರ ಸ್ನೇಹಾ ಶುಗರ್ ನೋಡಲು ಬರ‍ಲಿಲ್ಲ. ಅಕ್ಕಯ್ಯಮ್ಮ ಬೇರೆ ಯಾರ ಕೈಯಲ್ಲೂ ಚುಚ್ಚಿಸಿಕೊಳ್ಳಲಿಲ್ಲ. ಮುಂದಿನ ತಿಂಗಳ ಭಾನುವಾರ ತಿಂಡಿ ತಿನ್ನದೆ, ಸುಮ್ಮನೆ ಬಾಗಿಲು ತೆರೆದು ಕೂತಿದ್ದಳು. ಸ್ನೇಹಾ ಸೂಜಿಯ ಡಬ್ಬಿ ಹಿಡಿದು ಬಂದಳು.

“ಕೈ ಕೊಡಿ ಅಜ್ಜಿ.”

ಅಕ್ಕಯ್ಯಮ್ಮ ಕೈ ಚಾಚಿದಳು. ಹುಡುಗಿಯ ಕೈ ನಡುಗುತ್ತಿರಲಿಲ್ಲ. ಚುಚ್ಚಿದ್ದು ಗೊತ್ತೇ ಆಗಲಿಲ್ಲ, ಆದರೂ ಮುದುಕಿಯ ಕಣ್ಣಲ್ಲಿ ನೀರು ಬಂತು.

“ನೋವಾಯ್ತಾ?”

“ಊಂ ಕಣವ್ವ. ಚುಚ್ಚಿದ್ದಕ್ಕಲ್ಲ.”

ಸ್ನೇಹಾ ಹತ್ತಿ ಒತ್ತಿ ಹಿಡಿದು, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಾಗೆಯೇ ಕೂತಳು.

ದೀಪಾವಳಿಗೆ ಅವಳು ಅದೇ ಹಸಿರು ಸೀರೆ ಕೇಳಿ ಉಟ್ಟಳು. ಅಕ್ಕಯ್ಯಮ್ಮ ಎಷ್ಟೋ ದಿನದ ಮೇಲೆ ಫೋನ್ ತೆಗೆದು ಫೋಟೋ ಹಿಡಿದಳು. ಚೆನ್ನಾಗಿ ಬಂದಿತ್ತು. ಬೆರಳು ಅಭ್ಯಾಸಬಲದಿಂದ ಫಾರ್ವರ್ಡಿನ ಗುರುತಿನ ಹತ್ತಿರ ಹೋಗಿ ನಿಂತಿತು.

“ಕಳ್ಸಲಾ?” ಎಂದು ಕೇಳಿದಳು.

“ಯಾರ್ಯಾರಿಗೆ ಅಜ್ಜಿ?”

“ನೀನ್ ಯಾರಿಗ್ ಅಂತೀಯೋ ಅವ್ರಿಗೆ.”

ಸ್ನೇಹಾ ಸ್ವಲ್ಪ ಯೋಚಿಸಿ, “ನೂರಕ್ಕಂಗೆ ಒಬ್ರಿಗೆ ಕಳ್ಸಿ” ಎಂದಳು. ಅಕ್ಕಯ್ಯಮ್ಮ ಒಬ್ಬರಿಗೇ ಕಳಿಸಿದಳು.

ಅಕ್ಕ ತಂಗಿಯರೆ, ಅಣ್ಣ ತಮ್ಮಂದಿರೆ, ನಿಮ್ಮ ಮನೆಯಲ್ಲೂ ಫೋನ್ ಹಿಡಿದ ಮಕ್ಕಳಿದ್ದಾರೆ. ನಾಳೆ ಅವರಲ್ಲೊಬ್ಬರು ಬಾಡಿದ ಮುಖದಲ್ಲಿ ಬಂದು ಕೂತರೆ, ಫೋಟೋ ಯಾಕೆ ಹಾಕಿದೆ ಎಂದು ಬೈಯಬೇಡಿ. ಊಟ ಮಾಡಿದೆಯಾ ಎಂದು ಕೇಳಿ, ಪಕ್ಕದಲ್ಲಿ ಕೂರಿ. ಹೆದರಿ ಏನನ್ನೂ ಅಳಿಸಬೇಡಿ, ಮೊದಲು ಸಾಕ್ಷಿ ಎತ್ತಿಡಿ, ಆಮೇಲೆ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ, ಠಾಣೆಗೆ ಹೋಗಿ ದೂರು ಕೊಡಿ. ಕಿರುಕುಳ ಕೊಟ್ಟವರು ತಲೆತಗ್ಗಿಸಬೇಕು, ಅನುಭವಿಸಿದವರಲ್ಲ.

ಇನ್ನೊಬ್ಬರ ಮನೆಯ ಮಗಳ ಇಂಥ ಫೋಟೋ ನಿಮಗೆ ಬಂದರೆ, ಬಂದದ್ದನ್ನು ಅವಳಿಗೆ ತಿಳಿಸಿ, ಅವಳಿಗೆ ಸಾಕ್ಷಿಗೆ ಬೇಕಾದರೆ ಅವಳಿಗಷ್ಟೇ ಕೊಟ್ಟು, ನಿಮ್ಮಲ್ಲಿರುವುದನ್ನು ಅಳಿಸಿ. ‘ನಂಬಬೇಡಿ’ ಎಂದು ಹೇಳುವುದಕ್ಕೂ, ಎಚ್ಚರ ಹೇಳುವುದಕ್ಕೂ, ಮರುಕ ಪಡುವುದಕ್ಕೂ ಮುಂದೆ ಕಳಿಸಬೇಡಿ.

ಈಗ ಈ ಹಾಳೆ ಕೆಳಗಿಟ್ಟು ನಿಮ್ಮ ಫೋನ್ ತೆಗೆಯಿರಿ. ಹಳೆಯ ಫಾರ್ವರ್ಡುಗಳನ್ನೊಮ್ಮೆ ನೋಡಿ. ಅವುಗಳಲ್ಲಿ ಯಾರದಾದರೂ ಮಗಳು ಇನ್ನೂ ಸಿಕ್ಕಿಕೊಂಡಿದ್ದರೆ ಅಳಿಸಿ, ಅವಳನ್ನು ಬಿಡಿಸಿ. ಅಕ್ಕಯ್ಯಮ್ಮ ಕೋಲು ಹಿಡಿದು ನಿಮ್ಮ ಗೇಟಿನ ಮುಂದೆ ಬಂದು ನಿಲ್ಲುವ ಮೊದಲು.